ಜಪಾನಿಗೆ ಹೊರಟವರ ಪೆಟ್ಟಿಗೆಯಲ್ಲಿ ಏನಿರಬೇಕು?

(ತುಳಸಿಗೇರಿಯಲ್ಲಿ ನಡೆದ ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ, ಟ್ರಸ್ಟಿನ ನೆರವಿನಿಂದ ಓದಿ ಜಪಾನಿನಲ್ಲಿ ಉನ್ನತ ವ್ಯಾಸಂಗ ಮುಗಿಸಿ ಬಂದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ. ವಿದ್ಯಾರ್ಥಿಗಳಿಗೂ ಪಾಲಕರಿಗೂ ಉಪಯೋಗವಾಗಲೆಂದು ಇಲ್ಲಿ ಮುದ್ರಿಸಲಾಗಿದೆ.)

 



ನಾನು ದೊಡ್ಡ ಭಾಷಣಕಾರನಲ್ಲ. ಅಧ್ಯಕ್ಷರು ಫೋನ್ ಮಾಡಿ, “ಈ ವರ್ಷ ಇಬ್ಬರು ಮಕ್ಕಳು ಜಪಾನಿಗೆ ಹೋಗುವ ತಯಾರಿಯಲ್ಲಿದ್ದಾರೆ. ಇನ್ನೂ ನಾಲ್ಕೈದು ಮಂದಿ ಕೇಳುತ್ತಿದ್ದಾರೆ. ಏನು ಒಯ್ಯಬೇಕು, ಏನು ಬಿಡಬೇಕು ಅನ್ನುವುದನ್ನಷ್ಟೇ ಹೇಳು, ಉಪದೇಶ ಬೇಡ” ಎಂದರು. ಆದ್ದರಿಂದ ಪೆಟ್ಟಿಗೆಯ ವಿಷಯವನ್ನೇ ಹೇಳುತ್ತೇನೆ.

ನನ್ನ ತಂದೆ ಹತ್ತಿ ಹಿಂಜಿ ಗಾದಿ ಮಾಡುವವರು. ಇಲ್ಲಿ ಕುಳಿತ ಹಿರಿಯರಲ್ಲಿ ಎಷ್ಟೋ ಮಂದಿ ಅವರು ಹೊಲಿದ ಗಾದಿಯ ಮೇಲೆ ಮಲಗಿದ್ದೀರಿ. ನನಗೆ ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕ ಸುದ್ದಿ ಬಂದಾಗ ಅವರು ಮೊದಲು ಕೇಳಿದ್ದು, “ಅಲ್ಲಿ ಥಂಡಿ ಭಾಳ ಅಂತಾರ. ಒಂದು ಗಾದಿ ಹೊಲದು ಕೊಡ್ಲೇನು?” ಎಂದು. ಅವ್ವ ಆಗಲೇ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯಲು ಕುಳಿತಿದ್ದಳು. ನಮ್ಮ ಮನೆಯಲ್ಲಿ ಯಾರೂ ಬೆಂಗಳೂರು ದಾಟಿ ಹೋದವರಿರಲಿಲ್ಲ. ಏನು ಕಟ್ಟಬೇಕೆಂದು ಹೇಳುವವರೂ ಇರಲಿಲ್ಲ. ಸಿಕ್ಕವರೆಲ್ಲ ಒಂದೊಂದು ಹೇಳಿದರು, ನಾವು ಎಲ್ಲವನ್ನೂ ಕೊಂಡೆವು. ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಎರಡು ದಪ್ಪ ಸ್ವೆಟರ್, ಒಂದು ರಗ್ಗು, ಹತ್ತು ಕಿಲೋ ಅಕ್ಕಿ. ಹೊರಡುವ ಹಿಂದಿನ ದಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ನನ್ನ ವಿಮಾನ ಟಿಕೆಟ್ಟಿನಲ್ಲಿ ಬರೆದಿದ್ದಕ್ಕಿಂತ ಹದಿನಾಲ್ಕು ಕಿಲೋ ಹೆಚ್ಚು! ಅರ್ಧ ಸಾಮಾನು ಮನೆಯಲ್ಲೇ ಉಳಿಯಿತು. ಅದಕ್ಕೆ ಕೊಟ್ಟ ದುಡ್ಡು ಕೈಗಡವಾಗಿ ತಂದದ್ದು. ನನ್ನ ತಪ್ಪು ನಿಮಗೆ ಆಗಬಾರದೆಂದು ಇಷ್ಟು ಹೇಳಿದೆ.

ಮೊದಲು ಕಾಗದಪತ್ರ

ಪೆಟ್ಟಿಗೆಗಿಂತ ಮೊದಲು ಕೈಚೀಲ. ಪಾಸ್‌ಪೋರ್ಟು, ವೀಸಾ, ವಿಶ್ವವಿದ್ಯಾಲಯದ ಪ್ರವೇಶಪತ್ರ, ಜಪಾನಿನ ವಲಸೆ ಇಲಾಖೆ ಕೊಡುವ ಅರ್ಹತಾ ಪ್ರಮಾಣಪತ್ರ, ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ, ಜನನ ಪ್ರಮಾಣಪತ್ರ: ಇವೆಲ್ಲ ಕೈಚೀಲದಲ್ಲೇ ಇರಬೇಕು. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಒಂದೂ ಇರಬಾರದು. ಅರ್ಹತಾ ಪ್ರಮಾಣಪತ್ರ ಕೊಟ್ಟ ದಿನದಿಂದ ಸಾಮಾನ್ಯವಾಗಿ 3 ತಿಂಗಳೊಳಗೆ ಜಪಾನ್ ಪ್ರವೇಶಿಸಬೇಕು. ಆದ್ದರಿಂದ ಅದು ಬಂದ ಮೇಲೆ ವೀಸಾ ಅರ್ಜಿಗೆ ತಡ ಮಾಡಬೇಡಿ. 4 ಸೆಂಟಿಮೀಟರ್ ಎತ್ತರ, 3 ಸೆಂಟಿಮೀಟರ್ ಅಗಲದ ಭಾವಚಿತ್ರಗಳನ್ನು ಹತ್ತು ಹನ್ನೆರಡು ತೆಗೆಸಿಕೊಳ್ಳಿ. ಅಲ್ಲಿನ ಬಹಳಷ್ಟು ಅರ್ಜಿಗಳಿಗೆ ಇದೇ ಅಳತೆ. ತಂಗಿಯರು ತಲೆವಸ್ತ್ರ ಹಾಕಿಕೊಂಡೇ ತೆಗೆಸಬಹುದು, ಮುಖ ಪೂರ್ತಿ ಕಾಣಬೇಕು ಅಷ್ಟೇ.

ಇಲ್ಲಿ ಪಾಲಕರಿಗೆ ಒಂದು ಮಾತು. ನಮ್ಮ ಮಂದಿಯ ಹೆಸರುಗಳು ಒಂದೊಂದು ಕಾಗದದಲ್ಲಿ ಒಂದೊಂದು ಥರ. ಶಾಲೆಯ ದಾಖಲೆಯಲ್ಲಿ ಹುಸೇನಸಾಬ, ಆಧಾರಿನಲ್ಲಿ ಹುಸೇನಸಾಹೇಬ, ಪಾಸ್‌ಪೋರ್ಟಿನಲ್ಲಿ ಹುಸೇನ್ ಮಾತ್ರ. ಒಂದು ಕಡೆ ಅಡ್ಡಹೆಸರು ಮುಂದೆ, ಇನ್ನೊಂದು ಕಡೆ ತಂದೆಯ ಹೆಸರು ನಡುವೆ. ಜಪಾನಿನ ಕಚೇರಿಗಳಲ್ಲಿ ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ನಿಮ್ಮ ಹೆಸರು, ಒಂದು ಅಕ್ಷರವೂ ಆಚೀಚೆ ಆಗುವುದಿಲ್ಲ. ಅಡ್ಡಹೆಸರಿನ ಕಲಂ ಖಾಲಿ ಬಿಟ್ಟವರು ಪ್ರತಿ ಅರ್ಜಿಯಲ್ಲೂ ವಿವರಣೆ ಕೊಡಬೇಕಾಗುತ್ತದೆ. ನನ್ನ ಹೆಸರು ಸರಿಪಡಿಸಲು ಅಫಿಡವಿಟ್, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಎಂದು ಓಡಾಡುವುದರಲ್ಲೇ ತಿಂಗಳುಗಳು ಹೋದವು. ಮಕ್ಕಳು ಹತ್ತನೆಯ ತರಗತಿಯಲ್ಲಿರುವಾಗಲೇ ಹೆಸರು, ಹುಟ್ಟಿದ ದಿನ, ತಂದೆತಾಯಿಯ ಹೆಸರು ಎಲ್ಲ ಕಡೆ ಒಂದೇ ಇರುವಂತೆ ನೋಡಿಕೊಳ್ಳಿ. ಇದಕ್ಕೆ ಖರ್ಚು ಕಡಿಮೆ, ಲಾಭ ಜೀವನಪೂರ್ತಿ.

ಒಯ್ಯಬಾರದ ವಸ್ತುಗಳು

ಅವ್ವ ನನಗಾಗಿ ಮಟನ್ನಿನ ಉಪ್ಪಿನಕಾಯಿ ಹಾಕಿ, ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ಬಟ್ಟೆ ಸುತ್ತಿ ಹೊಲಿಗೆ ಹಾಕಿದ್ದಳು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ವಿನಯದಿಂದಲೇ ಕೇಳಿದರು, ನಾನೂ ಇದ್ದದ್ದನ್ನೇ ಹೇಳಿದೆ. ಡಬ್ಬಿ ತೆಗೆದುಕೊಂಡು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅವ್ವನಿಗೆ ಫೋನಿನಲ್ಲಿ “ಉಂಡೆ, ಭಾಳ ಚಲೋ ಇತ್ತು” ಎಂದು ಸುಳ್ಳು ಹೇಳಿದೆ. ಅದು ಇವತ್ತಿಗೂ ಮನಸ್ಸಿನಲ್ಲಿ ಉಳಿದಿದೆ. ನಮ್ಮ ದೇಶದಿಂದ ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಬೇಯಿಸಿದ್ದು, ಒಣಗಿಸಿದ್ದು, ಉಪ್ಪಿನಕಾಯಿ ಎಂಬ ಭೇದವಿಲ್ಲ. ಮುಚ್ಚಿಟ್ಟು ಒಯ್ದರೆ ದಂಡ ಮತ್ತು ಜೈಲುಶಿಕ್ಷೆಗೂ ಅವರ ಕಾನೂನಿನಲ್ಲಿ ಅವಕಾಶವಿದೆ. ಹಸಿ ಹಣ್ಣು, ತರಕಾರಿ, ಕರಿಬೇವು, ಹಸಿ ಮೆಣಸಿನಕಾಯಿ, ಬಿತ್ತನೆ ಬೀಜ ಇವುಗಳಿಗೂ ನಮ್ಮ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆದ್ದರಿಂದ ಕಲಾದಗಿಯ ಚಿಕ್ಕೂ, ದಾಳಿಂಬೆ ಎಷ್ಟು ಸಿಹಿಯಾಗಿದ್ದರೂ ಇಲ್ಲೇ ತಿಂದು ಹೋಗಿ. ಅಕ್ಕಿ ಬೇಳೆ ಒಯ್ಯುವ ಗೋಜೂ ಬೇಡ, ಅಲ್ಲೇ ಸಿಗುತ್ತವೆ. ಸಂಶಯವಿದ್ದರೆ ಮುಚ್ಚಿಡದೆ ತಪಾಸಣೆಯ ಕೌಂಟರಿನಲ್ಲಿ ತೋರಿಸಿ ಕೇಳಿ. ಕೇಳಿದವನಿಗೆ ಅವಮಾನವಿಲ್ಲ.

ಔಷಧಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವೈದ್ಯರು ಬರೆದುಕೊಟ್ಟ ಔಷಧ 1 ತಿಂಗಳಿಗಾಗುವಷ್ಟು, ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಔಷಧ 2 ತಿಂಗಳಿಗಾಗುವಷ್ಟು ಸ್ವಂತಕ್ಕೆ ಒಯ್ಯಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಮೊದಲೇ ಜಪಾನಿನ ಆರೋಗ್ಯ ಇಲಾಖೆಯಿಂದ ಆಮದು ದೃಢೀಕರಣ ಪತ್ರ ಪಡೆಯಬೇಕು. ಇಲ್ಲಿ ನೆಗಡಿ ಕೆಮ್ಮಿಗೆ ಸಲೀಸಾಗಿ ಕೊಡುವ ಕೆಲವು ಔಷಧಗಳಲ್ಲಿ ಕೊಡೀನ್ ಅಥವಾ ಸ್ಯೂಡೋಎಫೆಡ್ರಿನ್ ಇರುತ್ತದೆ. ಪ್ರಮಾಣ ಮೀರಿದರೆ ಅವು ಅಲ್ಲಿ ಮಾದಕ ವಸ್ತುಗಳ ಸಾಲಿಗೆ, ಉತ್ತೇಜಕಗಳ ಕಾನೂನಿಗೆ ಬರುತ್ತವೆ. ಬಾಟಲಿಯ ಮೇಲಿನ ಚೀಟಿ ಓದಿ, ವೈದ್ಯರನ್ನು ಕೇಳಿ, ಅಂಥದ್ದನ್ನು ಒಯ್ಯಲೇಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಆಸ್ತಮಾ ಇದ್ದವರು ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆದ ಪತ್ರ ಇಟ್ಟುಕೊಳ್ಳಿ. ಅದರಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಇರಲಿ. ಯಾರಾದರೂ “ನಮ್ಮ ಹುಡುಗನಿಗೆ ಈ ಗಂಟು ಮುಟ್ಟಿಸು” ಎಂದು ಕೊಟ್ಟರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಸಂಬಂಧಿಕರೇ ಆದರೂ ಸರಿ.

ಮಿಕ್ಸರ್, ಇಸ್ತ್ರಿ ಪೆಟ್ಟಿಗೆ ಬೇಡ. ನಮ್ಮಲ್ಲಿ ವಿದ್ಯುತ್ತು 230 ವೋಲ್ಟ್, ಅಲ್ಲಿ 100 ವೋಲ್ಟ್. ನಮ್ಮ ಮಿಕ್ಸರ್ ಅಲ್ಲಿ ಅಳುತ್ತಾ ತಿರುಗುತ್ತದೆ, ಚಟ್ನಿ ಆಗುವುದಿಲ್ಲ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಅದು ನಡೆಯುತ್ತದೆ. ಆದರೆ ಅಲ್ಲಿನ ಸಾಕೆಟ್ಟಿಗೆ ಎರಡು ಚಪ್ಪಟೆ ಕಡ್ಡಿಗಳು ಬೇಕು. ಅದಕ್ಕೆ ಹೊಂದುವ ಅಡಾಪ್ಟರ್ ಎರಡು ಇಟ್ಟುಕೊಳ್ಳಿ.

ಒಯ್ಯಬೇಕಾದದ್ದು

ಊಟದ ವಿಷಯ ಹೇಳುತ್ತೇನೆ. ಖಡಕ್ ರೊಟ್ಟಿ ನಮ್ಮ ನಾಡಿನ ದೊಡ್ಡ ಉಪಕಾರ. ಚೆನ್ನಾಗಿ ಒಣಗಿಸಿ ಕಟ್ಟಿದರೆ ವಾರಗಟ್ಟಲೆ ಕೆಡುವುದಿಲ್ಲ, ತೂಕವೂ ಕಡಿಮೆ. ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಖಾರದಪುಡಿ, ಮಸಾಲೆಪುಡಿ ಇವನ್ನು ಗಾಳಿ ಆಡದಂತೆ ಪ್ಯಾಕ್ ಮಾಡಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದ ಚೀಟಿ ಅಂಟಿಸಿ. ಮೊದಲ ಎರಡು ವಾರ ಇವೇ ಜೀವ ಉಳಿಸುತ್ತವೆ. ಆಮೇಲೆ ಅಂಗಡಿಗಳ ಪರಿಚಯವಾಗುತ್ತದೆ. ಟೋಕಿಯೋದ ಶಿನ್-ಓಕುಬೊದಂಥ ಕಡೆ ಹಲಾಲ್ ಅಂಗಡಿಗಳ ಸಾಲೇ ಇದೆ. ಗ್ಯೋಮು ಸೂಪರ್ ಎಂಬ ಅಗ್ಗದ ಅಂಗಡಿಗಳಲ್ಲಿ ಹಲಾಲ್ ಮುದ್ರೆಯ ಬ್ರೆಜಿಲ್ ಕೋಳಿಮಾಂಸ ಸಿಗುತ್ತದೆ. ಕೆಲವು ವಿಶ್ವವಿದ್ಯಾಲಯಗಳ ಕ್ಯಾಂಟೀನಿನಲ್ಲೂ ಹಲಾಲ್ ಊಟವಿದೆ. ನಮ್ಮ ಜೋಳ ಅಲ್ಲಿಯವರಿಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಅವರು ಅದನ್ನು ತಾಕಾಕಿಬಿ ಎನ್ನುತ್ತಾರೆ, ಅನ್ನದೊಂದಿಗೆ ಬೇಯಿಸುವ ಸಿರಿಧಾನ್ಯದ ಮಿಶ್ರಣದಲ್ಲಿ ಸೇರಿಸುತ್ತಾರೆ. ಪುಟ್ಟ ಪೊಟ್ಟಣಕ್ಕೆ ಕೊಡುವ ಬೆಲೆ ಕೇಳಿದರೆ ಮಾತ್ರ ನಮ್ಮ ರೈತರಿಗೆ ಅಳು ಬಂದೀತು.

ಹೋಗುವ ಮೊದಲು ಕಲಿಯಬೇಕಾದ ಕೆಲವು ಜಪಾನಿ ಪದಗಳಿವೆ. ಬುತಾ ಎಂದರೆ ಹಂದಿ, ರಾದೋ ಎಂದರೆ ಹಂದಿಯ ಕೊಬ್ಬು, ಸಾಕೆ ಎಂದರೆ ಮದ್ಯ, ಮಿರಿನ್ ಎಂದರೆ ಅಡುಗೆಗೆ ಹಾಕುವ ಸಿಹಿ ಮದ್ಯ, ಝೆರಚಿನ್ ಎಂದರೆ ಜಿಲೆಟಿನ್. ಇವನ್ನು ಜಪಾನಿ ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆದು ಪಾಕೀಟಿನಲ್ಲಿಟ್ಟುಕೊಳ್ಳಿ, ಅಂಗಡಿಯಲ್ಲಿ ಪೊಟ್ಟಣದ ಹಿಂಭಾಗಕ್ಕೆ ಹೋಲಿಸಿ ನೋಡಿ. ಶುದ್ಧ ಶಾಕಾಹಾರಿ ಗೆಳೆಯರಿಗೂ ಇದೇ ಉಪಾಯ. ಅವರು ಮೀನಿನ ಸಾರಿಗೆ ದಾಶಿ ಎಂಬ ಪದವನ್ನೂ ಕಲಿಯಬೇಕು. ನನ್ನ ಕೋಣೆಯ ಪಕ್ಕದಲ್ಲಿದ್ದ ಧಾರವಾಡ ಕಡೆಯ ಲಿಂಗಾಯತ ಗೆಳೆಯ ಮತ್ತು ನಾನು ಒಂದೇ ಚೀಟಿ ಹಿಡಿದು ಸಂತೆ ಮಾಡುತ್ತಿದ್ದೆವು. ಎರಡು ವರ್ಷ ಒಂದೇ ಕುಕ್ಕರಿನಲ್ಲಿ ಬೇಳೆ ಬೇಯಿಸಿ ಉಂಡಿದ್ದೇವೆ.

ಕುಕ್ಕರ್ ಎಂದೆನಲ್ಲ, ಅದನ್ನು ಒಯ್ಯಿರಿ. ಮೂರು ಲೀಟರಿನದು ಸಾಕು. ಅಲ್ಯೂಮಿನಿಯಂ ಬೇಡ, ಇಂಡಕ್ಷನ್ ಒಲೆಗೆ ಹೊಂದುವ ಸ್ಟೀಲಿನದು ಬೇಕು, ಯಾಕೆಂದರೆ ಬಹಳಷ್ಟು ವಸತಿಗೃಹಗಳಲ್ಲಿ ಗ್ಯಾಸ್ ಇರುವುದಿಲ್ಲ. ಒಂದು ಹೆಚ್ಚಿನ ಗ್ಯಾಸ್ಕೆಟ್, ಸೀಟಿ ಇರಲಿ. ಕುಕ್ಕರಿನ ಒಳಗೆ ಮಸಾಲೆ ಪೊಟ್ಟಣ ತುಂಬಿದರೆ ಜಾಗವೂ ಉಳಿಯುತ್ತದೆ. ಒಂದು ಪ್ಲಾಸ್ಟಿಕ್ ತಂಬಿಗೆಯೂ ಇರಲಿ, ನಗಬೇಡಿ. ಜಪಾನಿನ ಹೊಸ ಶೌಚಾಲಯಗಳಲ್ಲಿ ನೀರು ಚಿಮ್ಮುವ ವ್ಯವಸ್ಥೆ ಇದೆ, ಹಳೆಯ ಬಾಡಿಗೆ ಮನೆಗಳಲ್ಲಿ ಇರುವುದಿಲ್ಲ.

ಬಟ್ಟೆ ಕಡಿಮೆ ಸಾಕು. ಅಲ್ಲಿ ಶೈಕ್ಷಣಿಕ ವರ್ಷ ಏಪ್ರಿಲಿನಲ್ಲಿ ಶುರುವಾಗುತ್ತದೆ, ಕೆಲವು ಕೋರ್ಸುಗಳು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ನಮ್ಮ ಬಾಗಲಕೋಟೆ ಏಪ್ರಿಲಿನಲ್ಲಿ ಬೆಂಕಿ, ಅಲ್ಲಿ ಆಗ ಸಂಜೆಗೆ ಚಳಿ. ಇಳಿದ ದಿನ ಹಾಕಿಕೊಳ್ಳಲು ಒಂದು ಜಾಕೆಟ್ ಕೈಯಲ್ಲೇ ಇರಲಿ. ಜನವರಿಯ ಚಳಿಗೆ ಬೇಕಾದ ತೆಳುವಾದ ಬೆಚ್ಚನೆಯ ಒಳಬಟ್ಟೆ ಅಲ್ಲೇ ಒಳ್ಳೆಯದು ಸಿಗುತ್ತದೆ. ಹಳೆಯ ವಸ್ತುಗಳ ಅಂಗಡಿಗಳಲ್ಲಿ ಕೋಟು ಅಗ್ಗವಾಗಿ ಸಿಗುತ್ತದೆ. ಜುಲೈ ಆಗಸ್ಟಿನಲ್ಲಿ ಮಂಗಳೂರಿನಂತೆ ಬೆವರು. ತಂಗಿಯರು ತುಂಬುತೋಳಿನ ತೆಳು ಹತ್ತಿ ಬಟ್ಟೆಗಳನ್ನು, ತಲೆವಸ್ತ್ರಗಳನ್ನು ಇಲ್ಲಿಂದಲೇ ಒಯ್ಯುವುದು ಲೇಸು. ಪಾದ ದೊಡ್ಡದಿರುವ ತಮ್ಮಂದಿರು ಬೂಟನ್ನು ಇಲ್ಲೇ ಕೊಳ್ಳಿ, ಅಲ್ಲಿ ದೊಡ್ಡ ಅಳತೆ ಸಿಗುವುದು ಕಷ್ಟ. ಮನೆಯೊಳಗೆ ಮಾತ್ರವಲ್ಲ, ಕೆಲವು ಕಚೇರಿ, ಊಟದ ಮನೆಗಳಲ್ಲೂ ಬೂಟು ಬಿಚ್ಚಬೇಕು. ಆದ್ದರಿಂದ ತೂತಿಲ್ಲದ ಕಾಲುಚೀಲ ಕಡ್ಡಾಯ!

ತೆಳುವಾದ ಜಾನಮಾಜ್ ಒಂದು ಇರಲಿ. ಕಿಬ್ಲಾ ಅಲ್ಲಿಂದಲೂ ನಮ್ಮೂರಿನಂತೆ ಪಶ್ಚಿಮಕ್ಕೇ, ಸ್ವಲ್ಪ ಉತ್ತರಕ್ಕೆ ವಾಲಿ. ಮಸೀದಿಗಳೂ ಇವೆ. ಕೋಬೆ ನಗರದ ಮಸೀದಿ 1935ರಲ್ಲಿ ಕಟ್ಟಿದ್ದು, ಜಪಾನಿನ ಮೊದಲ ಮಸೀದಿ. ಅದಕ್ಕೆ ಹಣ ಕೂಡಿಸಿದವರಲ್ಲಿ ಆ ಊರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಭಾರತೀಯ ಮುಸ್ಲಿಮರು ಮುಖ್ಯರು. 1945ರ ಬಾಂಬ್ ದಾಳಿಯಲ್ಲೂ 1995ರ ಭೂಕಂಪದಲ್ಲೂ ಅದು ಬೀಳದೆ ನಿಂತಿತು. ಪರದೇಶದಲ್ಲಿ ದುಡಿದದ್ದರಲ್ಲಿ ಒಂದು ಪಾಲು ಎತ್ತಿಟ್ಟವರ ಕೆಲಸ ತೊಂಬತ್ತು ವರ್ಷ ಕಳೆದರೂ ಅಪರಿಚಿತ ಹುಡುಗರಿಗೆ ನೆರಳಾಗಿದೆ. ಈ ಟ್ರಸ್ಟಿಗೆ ದಾನ ಕೊಟ್ಟ ಹಿರಿಯರು ಈ ಮಾತನ್ನು ನೆನಪಿಡಬೇಕು.

ಚಿಕ್ಕ ಉಡುಗೊರೆಗಳನ್ನೂ ಒಯ್ಯಿರಿ. ಗುರುಗಳಿಗೆ, ನೆರೆಯವರಿಗೆ ಊರಿನ ವಸ್ತು ಕೊಡುವುದು ಅಲ್ಲಿನ ಪದ್ಧತಿ. ಬೆಲೆಬಾಳುವುದು ಬೇಡ. ಗುಳೇದಗುಡ್ಡದ ಖಣದ ಒಂದು ತುಂಡು, ಇಳಕಲ್ ಸೀರೆಯ ಅಂಚಿನಿಂದ ಹೊಲಿದ ಚೀಲ, ಅಮೀನಗಡದ ಕರದಂಟು ಸಾಕು. ನನ್ನ ಪ್ರೊಫೆಸರರು ಆ ಖಣದ ತುಂಡನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ದುಡ್ಡಿನ ಲೆಕ್ಕ

ಈಗ ಮುಖ್ಯ ವಿಷಯ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಸಾಲ. ಅದನ್ನು ತುಂಬಿಕೊಂಡು ಹೋಗಬೇಡಿ.

ಜಪಾನ್ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಭಾರತದಲ್ಲಿರುವ ಅವರ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಏಪ್ರಿಲ್-ಮೇ ಹೊತ್ತಿಗೆ ಕರೆಯುತ್ತಾರೆ. ಅರ್ಜಿಗೆ ಶುಲ್ಕವಿಲ್ಲ. ಆಯ್ಕೆಯಾದರೆ ಬೋಧನಾ ಶುಲ್ಕವಿಲ್ಲ, ಹೋಗಿಬರುವ ವಿಮಾನದ ಟಿಕೆಟ್ಟು ಅವರದೇ. ಸಂಶೋಧನಾ ವಿದ್ಯಾರ್ಥಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ತಿಂಗಳಿಗೆ 1,40,000 ಯೆನ್ನಿಗಿಂತ ಸ್ವಲ್ಪ ಹೆಚ್ಚು ಕೊಡುತ್ತಿದ್ದಾರೆ. ಆದರೂ ಮೊದಲ ಕಂತು ಕೈಗೆ ಬರಲು ಸಮಯ ಹಿಡಿಯುತ್ತದೆ. ಸುಮಾರು 2,000 ಡಾಲರಿನಷ್ಟು ಹಣ ತರಲು ಅವರೇ ಸೂಚಿಸುತ್ತಾರೆ. ಟ್ರಸ್ಟು ನನಗೆ ನೆರವಾದದ್ದು ಇಲ್ಲೇ. ಆ ಮೊದಲ ತಿಂಗಳಿನ ಹಣವನ್ನು ಟ್ರಸ್ಟು ಕೊಡದಿದ್ದರೆ, ಸಿಕ್ಕ ವಿದ್ಯಾರ್ಥಿವೇತನ ಬಾಗಲಕೋಟೆ ದಾಟುತ್ತಿರಲಿಲ್ಲ.

ಇನ್ನೊಂದು ದಾರಿಯೂ ಇದೆ. ಏಜೆಂಟರು ಬಂದು, “ಭಾಷಾ ಶಾಲೆಗೆ ಸೇರಿಸುತ್ತೇವೆ, ಎಂಟು ಲಕ್ಷ ಕೊಡಿ, ಅಲ್ಲಿ ಕೆಲಸ ಮಾಡಿ ವರ್ಷದಲ್ಲಿ ತೀರಿಸಬಹುದು” ಎನ್ನುತ್ತಾರೆ. ಲೆಕ್ಕ ಹಾಕೋಣ. ವಿದ್ಯಾರ್ಥಿಗಳು ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆ. ಗಂಟೆಗೆ 1,100 ಯೆನ್ ಸಿಕ್ಕಿತೆಂದೇ ಇಟ್ಟುಕೊಳ್ಳಿ. ನಾಲ್ಕು ವಾರಕ್ಕೆ 1,23,200 ಯೆನ್. ಅದರಲ್ಲಿ ಬಾಡಿಗೆ, ಊಟ, ವಿಮೆ, ಬಸ್ಸು, ಫೋನು. ಮುಂದಿನ ವರ್ಷದ ಶುಲ್ಕ ಬೇರೆ. ಊರಿನ ಸಾಲಕ್ಕೆ ಉಳಿಯುವುದೆಷ್ಟು? ನನಗೆ ಪರಿಚಯವಾದ ನಮ್ಮ ದೇಶದ ಒಬ್ಬ ಹುಡುಗ ಹೀಗೆ ಬಂದವನು. ಸಾಲದ ಬಡ್ಡಿ ಕಟ್ಟಲು ಮಿತಿ ಮೀರಿ ರಾತ್ರಿಪಾಳಿ ದುಡಿದ, ತರಗತಿಯಲ್ಲಿ ನಿದ್ದೆ ಮಾಡಿದ, ಹಾಜರಾತಿ ಬಿತ್ತು. ವಾಸದ ಅವಧಿ ವಿಸ್ತರಿಸಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಬರಿಗೈಯಲ್ಲಿ ಮರಳಿದ. ಹುಡುಗ ಕೆಟ್ಟವನಲ್ಲ, ಲೆಕ್ಕ ಹೇಳಿಕೊಡುವವರು ಇರಲಿಲ್ಲ.

ಆದ್ದರಿಂದ ಹೊಲ ಅಡವಿಟ್ಟು, ತಾಯಿಯ ಬಂಗಾರ ಮಾರಿ ಹೋಗಬೇಡಿ. ಮೊದಲು ಇಲ್ಲೇ ಜಪಾನಿ ಕಲಿಯಿರಿ. ಜಪಾನಿ ಭಾಷೆಯ ಪರೀಕ್ಷೆ ಐದನೆಯ ಹಂತದಿಂದ ಮೊದಲನೆಯ ಹಂತದವರೆಗೆ ಇದೆ, ಬೆಂಗಳೂರಿನಲ್ಲೇ ಬರೆಯಬಹುದು. ಸರ್ಕಾರಿ ವಿದ್ಯಾರ್ಥಿವೇತನ, ವಿಶ್ವವಿದ್ಯಾಲಯದ ಶುಲ್ಕ ವಿನಾಯಿತಿ, ನಮ್ಮ ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಯೋಜನೆಗಳು ಇವನ್ನೆಲ್ಲ ನೋಡಿ, ಕೊನೆಗೆ ಸಾಲದ ಮಾತು.

ಇಳಿದ ಮೇಲೆ

ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದ ಕೂಡಲೇ ನಿವಾಸಿ ಕಾರ್ಡು ಕೊಡುತ್ತಾರೆ. ಅದು ಸದಾ ಜೊತೆಯಲ್ಲಿರಬೇಕು. ಮನೆ ಸೇರಿದ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ, ಆರೋಗ್ಯ ವಿಮೆಗೆ ಸೇರಬೇಕು. ವಿಮೆ ಇದ್ದರೆ ಆಸ್ಪತ್ರೆಯ ಖರ್ಚಿನಲ್ಲಿ ಶೇ. 30 ಮಾತ್ರ ನಿಮ್ಮದು. 20 ವರ್ಷ ತುಂಬಿದವರು ಪಿಂಚಣಿ ಯೋಜನೆಗೂ ಸೇರಬೇಕು. ವಿದ್ಯಾರ್ಥಿಗಳಿಗೆ ಕಂತಿನಿಂದ ರಿಯಾಯಿತಿ ಇದೆ, ಆದರೆ ಅದನ್ನು ಅರ್ಜಿ ಹಾಕಿ ಕೇಳಬೇಕು. ಭೂಕಂಪದ ದೇಶವದು. ಹಾಸಿಗೆಯ ಪಕ್ಕ ಬೂಟು, ಟಾರ್ಚು, ನೀರು, ಪಾಸ್‌ಪೋರ್ಟಿನ ನಕಲು ಇರುವ ಒಂದು ಚೀಲ ಇಟ್ಟು ಮಲಗುವ ರೂಢಿ ಮಾಡಿಕೊಳ್ಳಿ.

ಕೊನೆಯದಾಗಿ ಗಾದಿಯ ವಿಷಯ. ಅಪ್ಪ ಹೊಲಿದ ಗಾದಿ ಒಯ್ಯಲಾಗಲಿಲ್ಲ. ಅವ್ವನ ಕೌದಿಯೂ ಭಾರವೆಂದು ಬಿಟ್ಟೆ. ಅವಳು ಒಂದು ಮೂಲೆ ಕತ್ತರಿಸಿ ತಲೆದಿಂಬಿಗೆ ಗವಸು ಹೊಲಿದು ಕೊಟ್ಟಳು. ಅದು ಮಾತ್ರ ಬಂತು. ನಾನಿದ್ದ ಊರಿನ ಒಂದು ಹಳೆಯ ಬೀದಿಯಲ್ಲಿ ಒಂದು ದಿನ ಹತ್ತಿಯ ದೂಳಿನ ವಾಸನೆ ಬಂದು ನಿಂತೆ. ಒಳಗೆ ಒಬ್ಬ ಮುದುಕರು ಹಳೆಯ ಹಾಸಿಗೆಯ ಹತ್ತಿ ತೆಗೆದು ಯಂತ್ರದಲ್ಲಿ ಹಿಂಜಿ ಮತ್ತೆ ತುಂಬುತ್ತಿದ್ದರು. ಆ ಕಸುಬಿಗೆ ಅವರು ಉಚಿನಾವೋಶಿ ಎನ್ನುತ್ತಾರೆ. ಬರುವ ಅರೆಬರೆ ಜಪಾನಿಯಲ್ಲಿ, “ನನ್ನ ತಂದೆಯೂ ಇದೇ ಕೆಲಸ ಮಾಡುತ್ತಾರೆ” ಎಂದೆ. ಅವರು ಕೈ ಒರೆಸಿಕೊಂಡು ಎದ್ದು ನಿಂತು ಬಾಗಿ ನಮಸ್ಕರಿಸಿದರು. ಅಪ್ಪನಿಗೆ ವೀಡಿಯೋ ಕರೆ ಮಾಡಿ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, “ಹತ್ತಿ ಚಲೋ ಅದ. ಖರೆ ಇನ್ನೊಂದ್ ಸಲ ಹಿಂಜಬೇಕಿತ್ತು” ಎಂದರು.

ಶಾಲೆಯಲ್ಲಿದ್ದಾಗ ತಂದೆಯ ಕಸುಬು ಎಂಬ ಕಲಮಿನಲ್ಲಿ “ವ್ಯಾಪಾರ” ಎಂದು ಬರೆಯುತ್ತಿದ್ದೆ, ನಾಚಿಕೆಯಿಂದ. ಆ ದಿನದಿಂದ “ಗಾದಿ ತಯಾರಕರು” ಎಂದೇ ಬರೆಯುತ್ತೇನೆ. ತಮ್ಮ ತಂಗಿಯರೇ, ಮಿಕ್ಸರ್ ಬಿಟ್ಟು ಹೋಗಿ, ರಗ್ಗು ಬಿಟ್ಟು ಹೋಗಿ. ಎಲ್ಲಿಂದ ಬಂದಿರಿ ಎಂಬುದನ್ನು ಬಿಟ್ಟು ಹೋಗಬೇಡಿ. ಅದಕ್ಕೆ ತೂಕವಿಲ್ಲ, ಯಾವ ಕೌಂಟರಿನಲ್ಲೂ ಅದನ್ನು ತಡೆಯುವುದಿಲ್ಲ.

ಈ ವರ್ಷ ಹೊರಡುವ ಇಬ್ಬರ ಕಾಗದಪತ್ರಗಳನ್ನು ಸಭೆ ಮುಗಿದ ಮೇಲೆ ಇಲ್ಲೇ ಕುಳಿತು ನೋಡಿಕೊಡುತ್ತೇನೆ. ಬರುವ ವರ್ಷ ಅರ್ಜಿ ಹಾಕುವವರು ಅಂಕಪಟ್ಟಿ, ಆಧಾರ್, ಶಾಲಾ ದಾಖಲೆಗಳ ನಕಲುಗಳನ್ನು ತನ್ನಿ, ಹೆಸರು ತಾಳೆ ನೋಡೋಣ. ನನಗೆ ಸಿಕ್ಕ ನೆರವನ್ನು ಹೀಗಾದರೂ ಮುಂದಕ್ಕೆ ದಾಟಿಸುವ ಆಸೆ.  ಅಲ್ಲಾಹನು ಹೊರಟವರ ದಾರಿಯನ್ನು ಸುಗಮಗೊಳಿಸಲಿ, ಕಾಯುವವರಿಗೆ ನೆಮ್ಮದಿ ಕೊಡಲಿ.